ಗಲ್ಲಾದ ಎಡಗೈ ಮೌಸ್

ಹೋಟೆಲಿನ ಗಲ್ಲಾದಲ್ಲಿ ಕೂತವರ ಬಲಗೈ ದುಡ್ಡಿಗೆ ಮೀಸಲು. ನೋಟು ತಗೊಳ್ಳುವುದು, ಚಿಲ್ಲರೆ ಎಣಿಸುವುದು, ಗಿರಾಕಿಯ ಕೈಗೆ ಕೊಡುವುದು ಎಲ್ಲ ಅದರಲ್ಲೇ. ಮುಲುಂಡಿನಲ್ಲಿ ಹೋಟೆಲ್ ನಡೆಸುವ ನಮ್ಮ ಮಾವನ ಹತ್ತಿರ ಈ ವಿಷಯದಲ್ಲಿ ರಾಜಿಯೇ ಇಲ್ಲ. "ಎಡ್ಗೈಯಲ್ ದುಡ್ಡ್ ತಕಂಬುಕಾಗ" ಅಂದರೆ ಮುಗಿಯಿತು. ಮುಂಬಯಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಅವರ ಮಾತು ಕುಂದಾಪುರ ಬಿಟ್ಟು ಬಂದಿಲ್ಲ.

ಹಾಗಾಗಿ ಗಲ್ಲಾಕ್ಕೆ ಕಂಪ್ಯೂಟರ್ ಬಂದಾಗ ಮೌಸ್ ಎಡಗಡೆಗೆ ಹೋಯಿತು. ಮಾವ ಎಡಚರೇನಲ್ಲ. ಅವರು ಊಟಕ್ಕೆ ಎದ್ದಾಗ ಆ ಕುರ್ಚಿಯಲ್ಲಿ ಕೂರುವ ಮ್ಯಾನೇಜರೂ ಎಡಚರಲ್ಲ. ಆದರೆ ಅಲ್ಲಿ ಯಾರೇ ಕೂತರೂ ಬಲಕ್ಕೆ ದುಡ್ಡಿನ ಡ್ರಾಯರ್, ಬಡೆಸೋಪಿನ ತಟ್ಟೆ, ಎದುರಿಗೆ ಕೈ ಚಾಚಿ ನಿಂತ ಗಿರಾಕಿ. ಮೌಸಿಗೆ ಉಳಿಯುವುದು ಎಡಗೈ ಒಂದೇ. ಎಡಗೈಯ ತೋರುಬೆರಳು ಬೀಳುವುದು ಮೌಸಿನ ಬಲ ಗುಂಡಿಯ ಮೇಲೆ. ಗುಂಡಿಗಳನ್ನು ಅದಲುಬದಲು ಮಾಡಿದರೆ ಮಾತ್ರ ಬಿಲ್ಲು ಸಲೀಸಾಗಿ ಸಾಗುತ್ತದೆ.

ಯಂತ್ರ ಹಳೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಇದರಲ್ಲಿ ಇಲ್ಲ. ಬಿಲ್ಲಿಂಗ್ ನಡೆಯುವುದು ಬ್ರೌಸರ್‌ನಲ್ಲೇ ಆದ್ದರಿಂದ ಅದಕ್ಕೆ ಡೆಬಿಯನ್ 13 ಎಂಬ ಲಿನಕ್ಸ್ ಹಾಕಿಕೊಟ್ಟೆ. ಡೆಸ್ಕ್‌ಟಾಪ್ ಅಂತ ದೊಡ್ಡದೇನೂ ಇಲ್ಲ, ತೆರೆ, ಮೌಸ್, ಕೀಬೋರ್ಡ್ ನೋಡಿಕೊಳ್ಳುವ ಎಕ್ಸ್ ಸರ್ವರ್, ಅದರ ಮೇಲೆ ಕಿಟಕಿಗಳನ್ನು ಜೋಡಿಸುವ ಓಪನ್‌ಬಾಕ್ಸ್, ಅದರ ಮೇಲೆ ತೆರೆ ತುಂಬ ಫೈರ್‌ಫಾಕ್ಸ್. ಸ್ವಿಚ್ ಹಾಕಿದರೆ ನೇರ ಬಿಲ್ಲಿನ ಪುಟ. ಥರ್ಮಲ್ ಪ್ರಿಂಟರ್ ಜೋಡಿಸಲು ಬಂದ ಬಿಲ್ಲಿಂಗ್ ಕಂಪನಿಯ ಹುಡುಗ ಮಾವ ಕೇಳಿದರೆಂದು ಮೌಸಿನ ಗುಂಡಿಗಳನ್ನೂ ತಿರುಗಿಸಿಕೊಟ್ಟು ಹೋಗಿದ್ದ.

ಕೆಲವು ದಿನ ಎಲ್ಲ ಸರಿ. ಆಮೇಲೆ ಫೋನ್ ಶುರುವಾಯಿತು. "ಮಾಣಿ, ಇದ್ ಮತ್ತ್ ಉಲ್ಟಾ ಆಯ್ತ್ ಕಾಣ್!"

ಉಲ್ಟಾ ಆದರೆ ಏನಾಗುತ್ತದೆ ಅಂತ ದೂರದಲ್ಲಿ ಕೂತವರಿಗೆ ಅಂದಾಜಾಗುವುದಿಲ್ಲ. ಮಾವ ಬಿಲ್ಲಿನ ಮೇಲೆ ಒತ್ತುತ್ತಾರೆ, ಬಿಲ್ಲಿನ ಬದಲು ರೈಟ್ ಕ್ಲಿಕ್ಕಿನ ಪಟ್ಟಿ ತೆರೆಯುತ್ತದೆ. ಲಿನಕ್ಸ್‌ನ ಫೈರ್‌ಫಾಕ್ಸ್‌ನಲ್ಲಿ ಈ ಪಟ್ಟಿ ಗುಂಡಿ ಒತ್ತಿದ ಕ್ಷಣವೇ ಬರುತ್ತದೆ, ಬೆರಳು ಎತ್ತುವವರೆಗೂ ಕಾಯುವುದಿಲ್ಲ. ಒತ್ತಿದ ಮೇಲೆ ಕೈ ಸ್ವಲ್ಪ ಜಾರಿ, ಬೆರಳು ಎತ್ತುವಾಗ ಬಾಣ ಪಟ್ಟಿಯ 'ಬ್ಯಾಕ್' ಮೇಲೆ ಇದ್ದರೆ ಅದನ್ನೇ ಆರಿಸಿದ ಹಾಗೆ. ಪುಟ ಹಿಂದಕ್ಕೆ ಹೋಗುತ್ತದೆ, ಅರ್ಧ ಹಾಕಿದ ಬಿಲ್ಲು ಹೋಗುತ್ತದೆ. ಸಂಜೆ ಏಳರ ಹೊತ್ತಿಗೆ, ಸ್ಟೇಷನ್ನಿನಿಂದ ಇಳಿದ ಜನವೆಲ್ಲ ಒಳಗೆ ನುಗ್ಗಿರುವಾಗ, ಒಂಬತ್ತನೇ ಟೇಬಲ್ಲಿನ ಮಸಾಲೆದೋಸೆ ಎರಡೋ ಮೂರೋ ಎಂದು ಮತ್ತೆ ಅಡಿಗೆಮನೆಗೆ ಕೂಗಿ ಕೇಳಬೇಕು.

ಇದಕ್ಕೆ ಮಾವ ಕಂಡುಕೊಂಡ ಮದ್ದು ರೀಸ್ಟಾರ್ಟ್. ಅದು ಕೆಲಸವನ್ನೂ ಮಾಡುತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಮದ್ದು ನಾಟಿತು ಅಂದಮೇಲೆ ರೋಗ ಏನು ಅಂತ ಯಾರೂ ಕೇಳುವುದಿಲ್ಲ. ಮುಂದೆ ಒಂದು ದಿನ ರೀಸ್ಟಾರ್ಟಿಗೂ ಬಗ್ಗದೇ ಹೋದಾಗ ನಾನು ಭಾನುವಾರ ಡೊಂಬಿವಲಿಯಿಂದ ಸ್ಲೋ ಗಾಡಿ ಹಿಡಿದೆ.

ಮೌಸ್ ಸೆಟ್ಟಿಂಗ್ ಹಾರಿಹೋಗುತ್ತದೆ ಅಂದಾಗ ಎಲ್ಲರೂ ಮೊದಲು ಹುಡುಕುವುದು ಅದನ್ನು ಮತ್ತೆ ಹಾಕುವ ಕಮಾಂಡ್. ನನಗೆ ಬೇಕಾದದ್ದು ಅದು ಹಾರಿಹೋಗುವ ಹೊತ್ತು. ಲಾಗಿನ್ ಆದಾಗಲೆಲ್ಲ ಹೋಗುತ್ತದೆಯೋ, ಯಂತ್ರ ನಿದ್ದೆಯಿಂದ ಎದ್ದಾಗಲೋ, ಏನೂ ಇಲ್ಲದೆ ನಡುಮಧ್ಯಾಹ್ನವೋ? ಮೂರಕ್ಕೂ ಕಾರಣ ಬೇರೆ. ಮಾವನನ್ನು ಕೇಳಿದರೆ "ಯಾವಾಗ್ಳೂ" ಅಂದರು. ಅದು ಉತ್ತರವಲ್ಲ, ಕೋಪ. ಆದ್ದರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ ದಿನಚರಿಯನ್ನೇ ಕೇಳಿದೆ. ಅದನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡಿಗೆ ದೊಡ್ಡಕ್ಷರದ ಟಿ ಆಯ್ಕೆ ಸೇರಿಸಿದರೆ ಪ್ರತಿ ಸಾಲಿನ ಮುಂದೆ ಗಡಿಯಾರದ ಸಮಯ ಬರುತ್ತದೆ, ಅದಿಲ್ಲದಿದ್ದರೆ ಯಂತ್ರ ಎದ್ದಾಗಿನಿಂದ ಆದ ಸೆಕೆಂಡುಗಳ ಲೆಕ್ಕ ಮಾತ್ರ.

ದಿನಚರಿ ಸ್ಪಷ್ಟವಾಗಿತ್ತು. ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ, ಸುಮಾರು ಮೂರೂವರೆ ನಾಲ್ಕರ ನಡುವೆ, 'ಯುಎಸ್‌ಬಿ ಡಿಸ್ಕನೆಕ್ಟ್' ಅಂತ ಒಂದು ಸಾಲು. ಒಂದು ಗಂಟೆ ಕಳೆದು 'ನ್ಯೂ ಲೋ-ಸ್ಪೀಡ್ ಯುಎಸ್‌ಬಿ ಡಿವೈಸ್' ಅಂತ ಇನ್ನೊಂದು. ಲೋ-ಸ್ಪೀಡ್ ಅಂದರೆ ಹೆದರಬೇಡಿ. ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಅಷ್ಟೆ, ಅಗ್ಗದ ಮೌಸುಗಳೆಲ್ಲ ಸಾಮಾನ್ಯವಾಗಿ ಹಾಗೇ. ನೋಡಬೇಕಾದದ್ದು ಪಕ್ಕದಲ್ಲಿರುವ ಡಿವೈಸ್ ನಂಬರ್. ಪ್ರತಿ ಸಲ ಕಿತ್ತು ಹಾಕಿದಾಗ ಅದು ಮುಂದಕ್ಕೆ ಹೋಗುತ್ತದೆ, 127 ದಾಟಿದ ಮೇಲೆ ಮತ್ತೆ ಕೆಳಗಿನಿಂದ ಶುರು. ಬರೀ 'ರೀಸೆಟ್' ಅನ್ನುವ ಸಾಲಿದ್ದರೆ ವಿಷಯ ಬೇರೆ. ಆಗ ಹಳೆಯ ನಂಟು ಉಳಿದಿರುತ್ತದೆ, ಸೆಟ್ಟಿಂಗೂ ಉಳಿಯುತ್ತದೆ. ಇಲ್ಲಿ ನಂಬರ್ ಏರಿತ್ತು, ಅಂದರೆ ಮೌಸ್ ನಿಜವಾಗಿಯೇ ಹೊರಗೆ ಹೋಗಿ ಬಂದಿತ್ತು.

ಎರಡು ಸಾಲುಗಳ ನಡುವೆ ಇನ್ನೊಂದು ಸಾಲು. ಅದೇ ಪೋರ್ಟಿನಲ್ಲಿ ಒಂದು ಮೊಬೈಲ್, ಮಾಡೆಲ್ಲಿನ ಹೆಸರು ಸಮೇತ. ಮಧ್ಯಾಹ್ನ ಕೈ ಖಾಲಿಯಾದಾಗ ಹುಡುಗರು ಮೌಸ್ ಕಿತ್ತು ಫೋನ್ ಚಾರ್ಜಿಗೆ ಹಾಕುತ್ತಿದ್ದರು, ಸಂಜೆ ಚಹಾದ ಹೊತ್ತಿಗೆ ಮೌಸನ್ನು ಅದರ ಜಾಗಕ್ಕೆ ಸಿಕ್ಕಿಸುತ್ತಿದ್ದರು. ಡಬ್ಬದ ಮುಂದೆ ಕೈಗೆಟುಕುವಂತೆ ಇರುವುದು ಎರಡೇ ಪೋರ್ಟ್, ಪಾಪ ಅವರಾದರೂ ಏನು ಮಾಡಿಯಾರು. ಆ ಮಾಡೆಲ್ ಯಾರ ಹತ್ತಿರ ಇದೆ ಅಂತ ನನಗೆ ಗೊತ್ತಿತ್ತು. ಮಾವನಿಗೆ ಹೇಳಲಿಲ್ಲ, "ವೈರ್ ಲೂಸ್ ಆಗಿದೆ" ಅಂದೆ. ಹುಡುಗರನ್ನು ಬೈದರೆ ಇದು ನಿಲ್ಲುವ ರೋಗವೂ ಅಲ್ಲ. ನಾಳೆ ಬ್ಲೂಟೂತ್ ಮೌಸ್ ತಂದರೆ ಅದು ಬ್ಯಾಟರಿ ಉಳಿಸಲು ಮಲಗಿ ಏಳುವಾಗಲೂ ಇದೇ ಕತೆ. ಎರಡು ಕಂಪ್ಯೂಟರಿಗೆ ಒಂದೇ ಮೌಸ್ ಹಂಚುವ ಸ್ವಿಚ್ ಡಬ್ಬಿ ಇದ್ದವರಿಗಂತೂ ಬೆಳಿಗ್ಗೆಯಿಂದ ಸಂಜೆವರೆಗೂ ಇದೇ.

ಎಕ್ಸ್ ಸರ್ವರ್ ಗುಂಡಿ ಯಾವ ಕಡೆ, ವೇಗ ಎಷ್ಟು ಎಂಬುದನ್ನೆಲ್ಲ ಆ ಹೊತ್ತಿಗೆ ಜೋಡಿಸಿಕೊಂಡಿರುವ ಒಂದೊಂದು ಸಾಧನದ ಹೆಸರಿಗೆ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಸಾಧನ ಹೋದರೆ ಅದರ ಜೊತೆ ಆ ನೆನಪೂ ಹೋಯಿತು. ಅದೇ ಮೌಸ್ ಅರ್ಧ ನಿಮಿಷದಲ್ಲಿ ವಾಪಸು ಬಂದರೂ ಸರ್ವರಿನ ಪಾಲಿಗೆ ಹೊಸಬ. ಸಪ್ಲೈಗೆ ನಿಂತ ಹುಡುಗನ ಕಿವಿಯಲ್ಲಿ "ಸಾಂಬಾರ್ ಬೇರೆ ಕೊಡು" ಅಂತ ಹೇಳುವುದಕ್ಕೂ ಅದನ್ನೇ ಗೋಡೆಯ ಬೋರ್ಡಿನ ಮೇಲೆ ಬರೆದು ಹಾಕುವುದಕ್ಕೂ ಎಷ್ಟು ವ್ಯತ್ಯಾಸವೋ, ಇಲ್ಲಿಯೂ ಅಷ್ಟೇ.

ಬಿಲ್ಲಿಂಗ್ ಹುಡುಗ ಮಾಡಿದ್ದು ಕಿವಿಯಲ್ಲಿ ಹೇಳುವ ಕೆಲಸ. ಓಪನ್‌ಬಾಕ್ಸ್‌ನ ಆಟೋಸ್ಟಾರ್ಟ್ ಫೈಲಿನಲ್ಲಿ ಎಕ್ಸ್ ಸರ್ವರಿಗೆ ಮೌಸಿನ ಸೆಟ್ಟಿಂಗ್ ಹೇಳುವ ಎಕ್ಸ್‌ಇನ್‌ಪುಟ್ ಕಮಾಂಡಿನ ಒಂದು ಸಾಲು, ಎಕ್ಸ್‌ಇನ್‌ಪುಟ್ ಸೆಟ್-ಪ್ರಾಪ್ ಎಂದು, ಮುಂದೆ 9 ಎಂಬ ಐಡಿ, ಕೊನೆಗೆ 'ಲಿಬ್‌ಇನ್‌ಪುಟ್ ಲೆಫ್ಟ್ ಹ್ಯಾಂಡೆಡ್ ಎನೇಬಲ್ಡ್' ಎಂಬ ಗುಣಕ್ಕೆ 1 (ಲಿಬ್‌ಇನ್‌ಪುಟ್ ಅಂದರೆ ಮೌಸ್ ನಡೆಸುವ ಡ್ರೈವರ್). ಆಟೋಸ್ಟಾರ್ಟ್ ಓಡುವುದು ಸೆಷನ್ ಶುರುವಾಗುವಾಗ ಒಂದೇ ಸಲ, ಅದಕ್ಕೇ ರೀಸ್ಟಾರ್ಟ್ ನಾಟುತ್ತಿತ್ತು. ರೀಸ್ಟಾರ್ಟೂ ಸೋತದ್ದು ಕೀಬೋರ್ಡ್ ಬದಲಾದ ಮೇಲೆ. ಹೊಸ ಕೀಬೋರ್ಡ್ ವಾಲ್ಯೂಮಿನ ಗುಂಡಿಗಳಿಗೆ ಬೇರೆಯೇ ಒಂದು ಸಾಧನವಾಗಿ ದಾಖಲಾಗಿ ಎಲ್ಲರ ನಂಬರ್ ಸರಿಸಿಬಿಟ್ಟಿತ್ತು. 9 ಈಗ ಮೌಸ್ ಆಗಿರಲೇ ಇಲ್ಲ. ಆ ಗುಣ ಇಲ್ಲಿಲ್ಲ ಎಂದು ಎಕ್ಸ್‌ಇನ್‌ಪುಟ್ ಗೊಣಗಿರುತ್ತದೆ, ಕೇಳಿಸಿಕೊಳ್ಳುವವರು ಯಾರು?

ಐಡಿ ಬಿಟ್ಟು ಹೆಸರು ಬರೆದರೆ ಈ ಒಂದು ಕಾಟ ತಪ್ಪುತ್ತದೆ. ಕೆಲವು ಮೌಸುಗಳು ಒಂದೇ ಹೆಸರಿನಲ್ಲಿ ಕೀಬೋರ್ಡಾಗಿಯೂ ಕಾಣಿಸಿಕೊಳ್ಳುತ್ತವೆ. ಆಗ ಹೆಸರಿಗೆ ಮೊದಲು ಪಾಯಿಂಟರ್ ಎಂದು ಬರೆದು ಕೋಲನ್ ಹಾಕಬೇಕು, ಇಲ್ಲದಿದ್ದರೆ ಒಂದಕ್ಕಿಂತ ಹೆಚ್ಚು ಸಿಕ್ಕಿವೆ ಎಂದು ಕಮಾಂಡ್ ಕೈಚೆಲ್ಲುತ್ತದೆ. ಆದರೂ ಕಿತ್ತು ಹಾಕಿದಾಗ ಹೋಗುವುದು ಹೋಗುತ್ತದೆ.

ಕೆಲವರು ಸಾಧನಗಳು ಬಂದು ಹೋಗುವುದನ್ನು ಗಮನಿಸುವ ಯುಡೆವ್‌ಗೆ ನಿಯಮ ಬರೆದು, ಮೌಸ್ ಬಂದಾಗಲೆಲ್ಲ ಎಕ್ಸ್‌ಇನ್‌ಪುಟ್ ಓಡಿಸಲು ನೋಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಯುಡೆವ್ ಓಡುವುದು ರೂಟ್ ಆಗಿ, ಅಂದರೆ ಯಂತ್ರದ ಯಜಮಾನನ ಹೆಸರಿನಲ್ಲಿ, ಅದಕ್ಕೆ ನಿಮ್ಮ ಡಿಸ್‌ಪ್ಲೇ ಯಾವುದು ಅಂತ ತಿಳಿಯದು, ಒಳಗೆ ಬಿಡುವ ಎಕ್ಸ್‌ಅಥಾರಿಟಿ ಚೀಟಿಯೂ ಇರುವುದಿಲ್ಲ. ಅದೆಲ್ಲ ತುಂಬಿಕೊಟ್ಟರೂ ಎಕ್ಸ್ ಸರ್ವರ್ ಮೌಸನ್ನು ಕೈಗೆತ್ತಿಕೊಳ್ಳುವ ಮುಂಚೆಯೇ ಕಮಾಂಡ್ ಓಡಿ ಮುಗಿದಿರಬಹುದು. ಆಮೇಲೆ ನಡುವೆ ಎರಡು ಸೆಕೆಂಡಿನ ಸ್ಲೀಪ್ ಸೇರಿಸುವುದು, ಅದು ಸಾಲದಿದ್ದರೆ ಐದು. ಗಲ್ಲಾದಲ್ಲಿ ಇಂಥ ಹರಕೆ ಹೊತ್ತ ವ್ಯವಸ್ಥೆ ಬೇಡ.

ಗೋಡೆಯ ಬೋರ್ಡು ಇರುವುದು ಇಟಿಸಿ ಒಳಗಿನ ಎಕ್ಸ್11 ಫೋಲ್ಡರಿನಲ್ಲಿ, ಕ್ಸಾರ್ಗ್.ಕಾನ್ಫ್.ಡಿ ಎಂಬ ಉಪಫೋಲ್ಡರ್. ಡೆಬಿಯನ್‌ನಲ್ಲಿ ಅದು ಮೊದಲೇ ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬೇಕು. ಡೆಬಿಯನ್ ತನ್ನದೇ ಲಿಬ್‌ಇನ್‌ಪುಟ್ ಫೈಲನ್ನು ಯುಎಸ್‌ಆರ್ ಶೇರ್ ಕಡೆ 40 ಎಂಬ ಅಂಕೆಯಿಂದ ಇಟ್ಟಿರುತ್ತದೆ. ಅದನ್ನು ಮುಟ್ಟಬಾರದು, ಅಪ್‌ಡೇಟ್ ಬಂದರೆ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ನನ್ನ ಫೈಲಿಗೆ 90ರಿಂದ ಶುರುವಾಗುವ ಹೆಸರು ಕೊಟ್ಟೆ, ಆಮೇಲೆ ಬಂದದ್ದರ ಮಾತು ನಡೆಯಲಿ ಅಂತ. ಹೆಸರಿನ ಕೊನೆಯಲ್ಲಿ ಡಾಟ್ ಕಾನ್ಫ್ ಇರಲೇಬೇಕು, ಇಲ್ಲದಿದ್ದರೆ ಸರ್ವರ್ ಅದರ ಕಡೆ ನೋಡುವುದೇ ಇಲ್ಲ.

ಒಳಗೆ ಬರೆಯುವುದು ಸ್ವಲ್ಪವೇ. ಇನ್‌ಪುಟ್‌ಕ್ಲಾಸ್ ಎಂಬ ಒಂದು ಸೆಕ್ಷನ್, ಅದಕ್ಕೊಂದು ಐಡೆಂಟಿಫೈಯರ್, ಡ್ರೈವರ್ ಲಿಬ್‌ಇನ್‌ಪುಟ್, ಲೆಫ್ಟ್‌ಹ್ಯಾಂಡೆಡ್ ಆಪ್ಷನ್ನಿಗೆ ಟ್ರೂ, ಕೊನೆಗೆ ಎಂಡ್‌ಸೆಕ್ಷನ್. ಇದು ಯಾವ ಮೌಸಿಗೆ ಅನ್ವಯ ಎನ್ನುವುದನ್ನು ಮಾತ್ರ ಯೋಚಿಸಿ ಬರೆಯಬೇಕು. ಮ್ಯಾಚ್‌ಪ್ರಾಡಕ್ಟ್ ಎಂದು ಬರೆದು ಮೌಸಿನ ಹೆಸರು ಕೊಡಬಹುದು, ಬೇರೆ ಬೇರೆಯವರು ಬೇರೆ ಬೇರೆ ಮೌಸ್ ಹಿಡಿಯುವ ಮನೆಯಲ್ಲಿ ಅದೇ ಸರಿ. ಹೋಟೆಲಿನಲ್ಲಿ ಮೌಸ್ ಬಾಳಿಕೆ ಬರುವುದಿಲ್ಲ. ಚಹಾ ಚೆಲ್ಲುತ್ತದೆ, ಜಿರಲೆ ಹೋಗುತ್ತದೆ, ಎಣ್ಣೆ ಹತ್ತಿ ಚಕ್ರ ಅಂಟಿಕೊಳ್ಳುತ್ತದೆ. ಲ್ಯಾಮಿಂಗ್ಟನ್ ರೋಡಿಗೆ ಹೋದವರು ಯಾವುದು ಅಗ್ಗವೋ ಅದನ್ನು ತರುತ್ತಾರೆ, ಹೆಸರು ಪ್ರತಿ ಸಲ ಬೇರೆ. ಆದ್ದರಿಂದ ಮ್ಯಾಚ್‌ಈಸ್‌ಪಾಯಿಂಟರ್ ಆನ್ ಎಂದು ಬರೆದೆ. ಈ ಗಲ್ಲಾಕ್ಕೆ ಯಾವ ಮೌಸ್ ಬಂದು ಕೂತರೂ ಎಡಗೈಯದೇ.

ಕೈ ಹಾಕಿದ ಮೇಲೆ ವೇಗವನ್ನೂ ನೋಡಿದೆ. ಎಡಗೈ ಬಲಗೈಯಷ್ಟು ಪಳಗಿದ್ದಲ್ಲ, ಮಾವನ ಬಾಣ ಯಾವಾಗಲೂ ಗುರಿ ದಾಟಿ ಮುಂದೆ ಹೋಗುತ್ತಿತ್ತು. ಲಿಬ್‌ಇನ್‌ಪುಟ್‌ನ ವೇಗದ ಅಳತೆ ಮೈನಸ್ 1ರಿಂದ 1ರವರೆಗೆ, ನಡುವಿನ ಸೊನ್ನೆ ಮಾಮೂಲಿ. ಆಕ್ಸೆಲ್‌ಸ್ಪೀಡ್ ಮೈನಸ್ 0.3 ಮಾಡಿ, ಆಕ್ಸೆಲ್‌ಪ್ರೊಫೈಲ್ ಫ್ಲ್ಯಾಟ್ ಎಂದು ಕೊಟ್ಟೆ. ಮಾಮೂಲಿ ಅಡಾಪ್ಟಿವ್ ಪ್ರೊಫೈಲಿನಲ್ಲಿ ಕೈ ಜೋರಾಗಿ ಓಡಿದಷ್ಟೂ ಬಾಣ ಇನ್ನೂ ದೂರ ಹಾರುತ್ತದೆ. ಫ್ಲ್ಯಾಟ್‌ನಲ್ಲಿ ಜೋರೋ ನಿಧಾನವೋ, ಕೈ ಸರಿದಷ್ಟಕ್ಕೆ ತಕ್ಕಂತೆ ಮಾತ್ರ. ಗಡಿಬಿಡಿಯ ಹೊತ್ತಿನಲ್ಲಿ ಗಡಿಬಿಡಿ ಮಾಡುವ ಕೈಗೆ ಇದೇ ಒಳ್ಳೆಯದು. ಮಾವ ಎರಡು ಬಿಲ್ಲು ಹಾಕಿ "ಈಗ ಹೇಳ್ದಂಗ್ ಕೇಂತ್" ಅಂದರು.

ಆಟೋಸ್ಟಾರ್ಟಿನ ಹಳೆಯ ಸಾಲನ್ನು ತೆಗೆದು ಎಕ್ಸ್ ಸೆಷನ್ ಮತ್ತೆ ಶುರು ಮಾಡಿದೆ. ಪರೀಕ್ಷೆಗೆ ಮೌಸ್ ಕಿತ್ತು ಹಿಂದಿನ ಪೋರ್ಟಿಗೆ, ಮತ್ತೆ ಮುಂದಕ್ಕೆ, ಆಮೇಲೆ ಡ್ರಾಯರಿನಲ್ಲಿ ಬಿದ್ದಿದ್ದ ಇನ್ನೊಂದು ಮುರುಕು ಮೌಸ್. ಎಲ್ಲವೂ ಎಡಗೈಗೇ ಬಂದವು. ಬಾರದಿದ್ದರೆ ನೋಡಬೇಕಾದ ಜಾಗ ಕ್ಸಾರ್ಗ್‌ನ, ಅಂದರೆ ಎಕ್ಸ್ ಸರ್ವರಿನ ಲಾಗ್. ಮೌಸ್ ಸಿಕ್ಕಿಸಿದಾಗ 'ಅಪ್ಲೈಯಿಂಗ್ ಇನ್‌ಪುಟ್‌ಕ್ಲಾಸ್' ಎಂಬ ಸಾಲಿನಲ್ಲಿ ನಿಮ್ಮ ಐಡೆಂಟಿಫೈಯರ್ ಕಾಣಿಸಬೇಕು. ಕಾಣಿಸದಿದ್ದರೆ ಫೈಲಿನ ಹೆಸರೋ ಮ್ಯಾಚ್ ಸಾಲೋ ತಪ್ಪಿದೆ.

ದೊಡ್ಡ ಡೆಸ್ಕ್‌ಟಾಪ್ ಇರುವವರಿಗೆ ಇಷ್ಟೆಲ್ಲ ಬೇಕಾಗುವುದು ಕಡಿಮೆ. ಗ್ನೋಮ್, ಸಿನಮನ್ ಮೊದಲಾದವುಗಳಲ್ಲಿ ಹೊಸ ಸಾಧನ ಬಂದದ್ದನ್ನು ಗಮನಿಸಿ ಸೆಟ್ಟಿಂಗನ್ನು ಮತ್ತೆ ಹಚ್ಚುವ ವ್ಯವಸ್ಥೆ ಒಳಗೇ ಇರುತ್ತದೆ. ಅಲ್ಲಿ ಎಕ್ಸ್‌ಇನ್‌ಪುಟ್ಟಿನಿಂದ ಬೇರೆ ಸೆಟ್ಟಿಂಗ್ ಕೊಟ್ಟರೆ ಸೆಟ್ಟಿಂಗ್ ಹಚ್ಚುವವರು ಇಬ್ಬರಾಗಿ ಜಗಳ ಶುರು, ಸೆಟ್ಟಿಂಗ್ಸ್ ಕಿಟಕಿಯಲ್ಲೇ ಬದಲಿಸುವುದು ಒಳ್ಳೆಯದು. ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್ ಸೆಷನ್ ಆದರೆ ಎಕ್ಸ್‌ಇನ್‌ಪುಟ್ ಪಟ್ಟಿಯಲ್ಲಿ ನಿಜವಾದ ಮೌಸ್ ಕಾಣುವುದೇ ಇಲ್ಲ, ಎಕ್ಸ್‌ವೇಲ್ಯಾಂಡ್ ಹೆಸರಿನ ನೆರಳುಗಳು ಮಾತ್ರ. ನಾನು ಬರೆದ ಈ ಫೈಲಿಗೂ ಅಲ್ಲಿ ಬೆಲೆ ಇಲ್ಲ. ಗ್ನೋಮ್ ಆಗಿದ್ದರೆ ಅದರದೇ ಜಿಸೆಟ್ಟಿಂಗ್ಸ್ ಕಮಾಂಡಿನ ಕಡೆ ಹೋಗಬೇಕು. ಪ್ರತಿ ಲಾಗಿನ್ನಿಗೂ ಸೆಟ್ಟಿಂಗ್ ಹೋಗುತ್ತಿದ್ದರೆ ಮೌಸನ್ನು ಬಿಟ್ಟು ಮನೆ ಫೋಲ್ಡರಿನ ಕಾನ್ಫಿಗ್ ಒಳಗಿರುವ, ಸೆಟ್ಟಿಂಗುಗಳನ್ನು ಉಳಿಸಿಡುವ ಡಿಕಾನ್ಫ್ ಯಾರ ಹೆಸರಿನಲ್ಲಿದೆ ನೋಡಿ. ಯಾವಾಗಲೋ ಸುಡೋ ಹಾಕಿ ಓಡಿಸಿದ ಪ್ರೋಗ್ರಾಂ ಅದನ್ನು ರೂಟ್ ಹೆಸರಿಗೆ ಮಾಡಿಟ್ಟಿದ್ದರೆ ನೀವು ಬದಲಿಸಿದ್ದು ಡಿಸ್ಕಿಗೆ ಇಳಿಯುವುದೇ ಇಲ್ಲ. ಚೌನ್ ಮಾಡಿ ಒಡೆತನ ವಾಪಸು ಪಡೆದರೆ ಸಾಕು.

ಹುಡುಗರಿಗೆ ಅಡಿಗೆಮನೆಯ ಬಾಗಿಲ ಹತ್ತಿರ ನಾಲ್ಕು ಬಾಯಿಯ ಚಾರ್ಜರ್ ಹಾಕಿಸಿದ್ದೇವೆ, ದುಡ್ಡು ಮಾವನದೇ. ಲಾಗ್ ನೋಡಿದರೆ ಮೌಸ್ ಈಗಲೂ ಆಗಾಗ ಹೊರಗೆ ಹೋಗಿ ಬರುತ್ತಿದೆ, ಗಲ್ಲಾದ ಪೋರ್ಟೇ ಹತ್ತಿರ ಅಂತ ಕಾಣುತ್ತದೆ. ಈಗ ಅದರಿಂದ ಯಾರಿಗೂ ತೊಂದರೆಯಿಲ್ಲ. ಠಾಣೆಯಲ್ಲಿ ಮಾವನ ತಮ್ಮನದೂ ಹೋಟೆಲ್ ಇದೆ, ಅವರಿಗೂ ಈ ಫೈಲ್ ಬೇಕಂತೆ. ಅಲ್ಲಿ ಇರುವುದು ಲ್ಯಾಪ್‌ಟಾಪ್. ಮ್ಯಾಚ್‌ಈಸ್‌ಪಾಯಿಂಟರ್ ಟಚ್‌ಪ್ಯಾಡಿಗೆ ತಾಗುವುದಿಲ್ಲ, ಅದಕ್ಕೆ ಮ್ಯಾಚ್‌ಈಸ್‌ಟಚ್‌ಪ್ಯಾಡ್ ಎಂದು ಬೇರೆ ಸೆಕ್ಷನ್ ಬೇಕು. ಅಲ್ಲಿ ಡ್ರಾಯರ್ ಯಾವ ಕಡೆ ಇದೆ ಅಂತ ಮೊದಲು ಕೇಳಿಕೊಂಡು ಬರೆಯಬೇಕು.