ರೋಹಿಣಿ ಹುಟ್ಟೋ ಹೊತ್ತಿಗೆ

ಇನ್ನು ನಾಲ್ಕೈದು ದಿನ ನಮ್ಮ ಕೋಲಾರದ ಕಡೆ ಗುಡುಗು, ಮಿಂಚು, ಜೋರು ಗಾಳಿ ಸಮೇತ ಮಳೆಯಂತೆ. ಹವಾಮಾನ ಇಲಾಖೆಯಿಂದ ಯೆಲ್ಲೋ ಅಲರ್ಟ್, ಅಂದ್ರೆ ಎಚ್ಚರವಾಗಿರಿ ಅನ್ನೋ ಸೂಚನೆ ಬಂದಿದೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಮೇ 25ರ ಸುಮಾರಿಗೆ ಕೃತ್ತಿಕೆ ಮುಗಿದು ರೋಹಿಣಿ ಮಳೆ ಹುಟ್ಟುತ್ತದೆ. ಮುಂಗಾರು ಕೇರಳ ಮುಟ್ಟುವ ವಾಡಿಕೆ ದಿನ ಜೂನ್ 1. ಹಾಗಾಗಿ ಈಗ ಬೀಳೋದೆಲ್ಲ ಬಿಸಿಲು ಹುಟ್ಟಿಸಿದ ಮಳೆ. ಬೆಳಗ್ಗೆಯಿಂದ ನೆತ್ತಿ ಸುಡುತ್ತದೆ, ಸಂಜೆ ಹೊತ್ತಿಗೆ ಮೋಡ ಕಟ್ಟಿ ಅರ್ಧ ಗಂಟೆ ಬಡಿದು ಹೋಗುತ್ತದೆ. ಅದೂ ಒಂದೂರಿಗೆ ಬಂದ್ರೆ ಪಕ್ಕದೂರಿಗೆ ಹನಿ ಇಲ್ಲ.

ರಾಗಿ ಹೊಲ ಇರೋರಿಗೆ ಇದು ಬೇಕು. ಭೂಮಿ ಮೆತ್ತಗಾದ್ರೆ ಒಂದು ಸಾಲು ಉಳುಮೆ ಆಗುತ್ತದೆ. ಮಾವಿನವರಿಗೆ ಮಾತ್ರ ಗಾಳಿ ಅಂದ್ರೆ ಎದೆ ಝಲ್ ಅನ್ನುತ್ತದೆ. ಶ್ರೀನಿವಾಸಪುರದ ನಮ್ಮ ಚಿಕ್ಕಪ್ಪ ಮೊನ್ನೆ ಗಾಳಿಗೆ ಉದುರಿದ ತೋತಾಪುರಿ ಒಂದನ್ನು ಕೈಗೆ ಕೊಟ್ಟರು. ತೊಟ್ಟು ಮುರಿದ ಕಡೆಯಿಂದ ಸೊನೆ ಇಳಿದು ಸಿಪ್ಪೆ ಮೇಲೆ ಕಪ್ಪು ಗೆರೆ. ಇನ್ನೊಂದು ಬದಿ ಕಲ್ಲಿಗೆ ಬಿದ್ದು ಜಜ್ಜಿತ್ತು. "ಇದನ್ನ ಮಂಡಿಗೆ ತಗೊಂಡೋದ್ರೆ ಬಾಡಿಗೆನೂ ಹುಟ್ಟಲ್ಲ ಕಣಪ್ಪ" ಅಂದರು. ಅದೇ ಬಾಯಲ್ಲಿ, "ಆದ್ರೂ ಬರ್ಲಿ ಬಿಡು, ಬೋರ್ ನೀರು ಕಮ್ಮಿಯಾಗಿದೆ" ಅಂದರು! ಒಂದೇ ಮನೆಯಲ್ಲಿ ಮಳೆ ಬೇಕು ಅನ್ನೋದೂ ಬೇಡ ಅನ್ನೋದೂ ಒಬ್ಬರೇ. ನಮ್ಮ ಬಯಲುಸೀಮೆಯ ಬದುಕೇ ಹೀಗಲ್ವಾ?

ಸುಮ್ನೆ ಒಂದು ಮಾತು: ಗುಡುಗುವಾಗ ಮರದ ಕೆಳಗೆ ನಿಲ್ಲಬೇಡಿ. ದನಗಳನ್ನೂ ಅಲ್ಲಿ ಕಟ್ಟಬೇಡಿ. ಮುಳಬಾಗಿಲು, ಚಿಂತಾಮಣಿ ಕಡೆಯವರೇ, ನಿಮ್ಮಲ್ಲಿ ನಿನ್ನೆ ಏನಾದ್ರೂ ಬಿತ್ತಾ?