ಮೂರನೇ ಸಿಲ್ವರ್ ಮರ

ಸುಂಟಿಕೊಪ್ಪದ ಹತ್ತಿರ ನಮ್ಮ ಮನೆಯಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹೋಗುವ ಏರಿನಲ್ಲಿ ಸಿಲ್ವರ್ ಮರಗಳ ಸಾಲಿದೆ. ಮೂರನೇ ಮರದ ಹತ್ತಿರ ಬಂದ ಕೂಡಲೇ ಅಪ್ಪ ನಿಲ್ಲುತ್ತಿದ್ದರು. ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯನ್ನು ಮುಟ್ಟಿ ನೋಡುತ್ತಾ ಎರಡು ಮೂರು ನಿಮಿಷ ಇದ್ದು ಮತ್ತೆ ಹತ್ತುತ್ತಿದ್ದರು. ಬಳ್ಳಿಯ ನೆಪದಲ್ಲಿ ಬಲಗಾಲಿನ ಮೀನಖಂಡದ ನೋವು ಇಳಿಯಲಿ ಎಂದು ಕಾಯುತ್ತಿದ್ದರು ಅಂತ ನಮಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ.

ಗೊತ್ತಾದ ಮೇಲೂ ನಾವು ಮಾಡಿದ್ದು ಎಣ್ಣೆ ತಿಕ್ಕಿದ್ದಷ್ಟೇ. ಮೂವತ್ತೊಂದು ವರ್ಷ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ ಗುಡ್ಡ ಹತ್ತಿ ಇಳಿದ ಕಾಲು, ಮಂಡಿ ಸವೆದಿರಬೇಕು ಅಂದುಕೊಂಡೆವು. ಅಮ್ಮ ದಿನಾ ರಾತ್ರಿ ಕೊಟ್ಟಂಚುಕ್ಕಾದಿ ತೈಲ ಬಿಸಿ ಮಾಡಿ ಹಚ್ಚುತ್ತಿದ್ದಳು. ಒಂದು ಆರೋಗ್ಯ ಶಿಬಿರದಲ್ಲಿ ಕಾಲಿಗೂ ಬಿ.ಪಿ. ಮೆಷಿನ್ ಕಟ್ಟಿ, "ಕೈಗಿಂತ ಕಾಲಿನಲ್ಲೇ ಪ್ರೆಶರ್ ಜಾಸ್ತಿ ಇದೆ, ರಕ್ತ ಚೆನ್ನಾಗಿ ಹೋಗ್ತಿದೆ" ಎಂದು ಕಳಿಸಿದ್ದರು. ಆ ಒಂದು ಮಾತು ನಂಬಿ ನಾವು ಆರು ತಿಂಗಳು ಕಳೆದೆವು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಅಪ್ಪ ಆಸ್ಪತ್ರೆಗೆ ಬರಲು ಒಪ್ಪದಿರಲು ಇನ್ನೊಂದು ಕಾರಣವಿತ್ತು. ತೊಡೆಸಂದಿನಿಂದ ತಂತಿ ತೂರಿಸಿ, ಬಣ್ಣದ ಔಷಧ ಬಿಟ್ಟು ರಕ್ತನಾಳ ನೋಡುತ್ತಾರೆ ಎಂದು ಯಾರಿಂದಲೋ ಕೇಳಿದ್ದರು. ಅದು ಬೇಡ ಎಂದು ಹಟ. ಮಡಿಕೇರಿಯ ಡಾಕ್ಟರಮ್ಮನ ಹತ್ತಿರ ಹೋದಾಗ ನಾನು ಮೊದಲು ಕೇಳಿದ್ದೂ ಇದನ್ನೇ. "ಇವತ್ತು ಕೈ ಕಾಲಿನ ಪ್ರೆಶರ್ ಅಳೆಯುವುದಷ್ಟೇ, ಸೂಜಿಯನ್ನೂ ಚುಚ್ಚುವುದಿಲ್ಲ" ಎಂದರು ಅವರು. ಆಮೇಲೆ ಅಪ್ಪನ ಕಡೆ ತಿರುಗಿ, "ಅಂಕಲ್, ಬೀಡಿ ಯಾವಾಗ ಸೇದಿದ್ದು?"

"ಬರುವಾಗ ಬಸ್‌ಸ್ಟ್ಯಾಂಡಲ್ಲಿ ಒಂದು, ಮೇಡಂ."

"ಹಾಗಾದರೆ ಎರಡು ಗಂಟೆ ಕಾಯಬೇಕು. ಕಾಫಿನೂ ಕುಡಿಯಬೇಡಿ."

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ. ಅಪ್ಪನ ಕಾಲುಚೀಲ ನೆನೆದು ಹಿಂಡುವ ಹಾಗಿತ್ತು, ಬೆರಳುಗಳು ಮಂಜುಗಡ್ಡೆ. ಸಿಸ್ಟರ್ ಪಾದ ಒರೆಸಿ ಕಂಬಳಿ ಹೊದಿಸಿ ಮಲಗಿಸಿದರು. ಚಳಿಗೆ ಬೆರಳಿನ ನಾಳಗಳು ಕುಗ್ಗಿದ್ದರೆ ಅಳತೆ ಸುಳ್ಳಾಗುತ್ತದಂತೆ. ಕಾಲು ಬೆಚ್ಚಗಾಗಲಿ ಎಂದು ಕಾಯುತ್ತಾ ಕೂತಾಗ ನಾನು ಆ ಪಾದವನ್ನು ಬಹಳ ದಿನದ ಮೇಲೆ ಸರಿಯಾಗಿ ನೋಡಿದೆ. ಮೊಣಕಾಲಿನ ಕೆಳಗೆ ಒಂದು ಕೂದಲಿಲ್ಲ, ಚರ್ಮ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಹರಡಿನ (ಪಾದದ ಗಂಟಿನ) ಹತ್ತಿರ ಹಿಂದಿನ ದಿನ ಜಿಗಣೆ ಕಚ್ಚಿದ ಗುರುತು.

ಅಮ್ಮ ಅದನ್ನೇ ತೋರಿಸಿ ಕೇಳಿದಳು: "ಜಿಗಣೆ ಕಚ್ಚಿದರೆ ಗಂಟೆಗಟ್ಟಲೆ ರಕ್ತ ಸುರಿಯುವ ಕಾಲಿಗೆ ರಕ್ತ ಸಾಲದು ಅಂದರೆ ಹೇಗೆ ಡಾಕ್ಟ್ರೇ?" ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಆ ರಕ್ತ ಬರುವುದು ಚರ್ಮದ ಸಣ್ಣ ನಾಳಗಳಿಂದ, ಏರು ಹತ್ತುವಾಗ ಮೀನಖಂಡ ಕೇಳುವಷ್ಟು ರಕ್ತವನ್ನು ದೊಡ್ಡ ನಾಳ ಕೊಡುತ್ತಿದೆಯೇ ಎಂಬುದು ಬೇರೆ ಪ್ರಶ್ನೆ ಎಂದು ಅವರು ತಾಳ್ಮೆಯಿಂದ ಹೇಳಿದರು. ನಡೆದಾಗ ಬಂದು, ನಿಂತರೆ ಹೋಗಿ, ಮತ್ತೆ ಅಷ್ಟೇ ದೂರಕ್ಕೆ ಬರುವ ನೋವು ಮಂಡಿಯದ್ದಲ್ಲ, ರಕ್ತನಾಳದ್ದಿರಬಹುದು ಎಂದೂ ಹೇಳಿದರು. ನನಗೆ ತಕ್ಷಣ ಮೂರನೇ ಸಿಲ್ವರ್ ಮರ ನೆನಪಾಯಿತು.

ಪರೀಕ್ಷೆಗೆ ಬಳಸಿದ್ದು ಬಿ.ಪಿ. ಪಟ್ಟಿ ಮತ್ತು ಪೆನ್ನಿನ ಗಾತ್ರದ ಡಾಪ್ಲರ್ ಕಡ್ಡಿ. ಜೆಲ್ ಹಚ್ಚಿ ಕಡ್ಡಿ ಇಟ್ಟರೆ ಸ್ಪೀಕರಿನಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತದೆ. ಪಟ್ಟಿಗೆ ಗಾಳಿ ತುಂಬಿದರೆ ಸದ್ದು ನಿಲ್ಲುತ್ತದೆ. ಮೆಲ್ಲನೆ ಬಿಡುತ್ತಾ ಬಂದಾಗ ಯಾವ ಅಂಕಿಯಲ್ಲಿ ಮತ್ತೆ ಶುರುವಾಗುತ್ತದೋ ಅದೇ ಅಲ್ಲಿನ ಒತ್ತಡ. ತೋಳಿನಲ್ಲಿ ಅದು ಚುರುಕಾಗಿ, ಒಂದರ ಬೆನ್ನಿಗೆ ಒಂದು ಬಡಿಯುತ್ತಿತ್ತು. ಬಲಪಾದದ ಮೇಲೆ ಇಟ್ಟಾಗ ಬಂದದ್ದು ಕಣದಲ್ಲಿ ದೂರದಲ್ಲಿ ಯಾರೋ ಒಣಗಲು ಹಾಕಿದ ಕಾಫಿ ಎಳೆಯುತ್ತಿರುವಂಥ ಸೊರಗಿದ ಸದ್ದು, ಒಂದೇ ಎಳೆತ. ಅಂಕಿ ನೋಡುವ ಮೊದಲೇ ನನಗೆ ಭಯವಾಯಿತು.

ಎರಡು ತೋಳಲ್ಲಿ ಹೆಚ್ಚಿದ್ದದ್ದು 140. ಎಡಗಾಲಿನ ಹರಡಿನಲ್ಲಿ 110. ಭಾಗಿಸಿದರೆ 0.79. ಕಾಲಿನದ್ದನ್ನು ಕೈಯದ್ದರಿಂದ ಭಾಗಿಸಿದಾಗ 1ರಿಂದ 1.4ರ ಒಳಗಿದ್ದರೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ನೋಯುತ್ತಿದ್ದ ಬಲಗಾಲಿನಲ್ಲಿ ಬಂದದ್ದು 204, ಅಂದರೆ 1.46! ನೋವಿಲ್ಲದ ಕಾಲಿಗಿಂತ ನೋಯುವ ಕಾಲೇ ಗಟ್ಟಿ? ಶಿಬಿರದವರು ಹೇಳಿದ್ದೂ ಇದನ್ನೇ.

ಡಾಕ್ಟರಮ್ಮ ತಲೆಯಾಡಿಸಿದರು. ಅಪ್ಪನ ಹಾಗೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹರಡಿನ ನಾಳಗಳ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ಗಟ್ಟಿ ಪೈಪನ್ನು ಪಟ್ಟಿ ಅಮುಕಲಾರದು, ಅದಕ್ಕೇ ಅಂಕಿ ಏರುತ್ತದೆ, ಒಳಗೆ ಹರಿವು ಎಷ್ಟೇ ಕಡಿಮೆ ಇರಲಿ. ಕಾಲ್ಬೆರಳಿನ ಸಣ್ಣ ನಾಳಗಳಿಗೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹೆಬ್ಬೆರಳಿಗೆ ಉಂಗುರದಂಥ ಪುಟ್ಟ ಪಟ್ಟಿ ಹಾಕಿ, ತುದಿಗೆ ಬೆಳಕಿನ ಸೆನ್ಸರ್ ಅಂಟಿಸಿದರು. 58. ಭಾಗಿಸಿದರೆ 0.41, ಬೆರಳಿಗೆ ಕನಿಷ್ಠ 0.7 ಇರಬೇಕಿತ್ತು.

ಅಪ್ಪ ಮಲಗಿದಲ್ಲಿಂದಲೇ, "ಅಂದರೆ ನನಗೆ ನೋವಿರುವುದು ನಿಜ" ಎಂದರು. ಅಷ್ಟು ದಿನ ನಾವು ಅವರ ಮಾತನ್ನು ಎಷ್ಟು ಹಗುರಾಗಿ ತೆಗೆದುಕೊಂಡಿದ್ದೆವು ಎಂದು ನನಗೆ ಆಗ ತಟ್ಟಿತು.

ಮುಂದಿನ ವಾರ ಮೈಸೂರಿನಲ್ಲಿ ಡಾಪ್ಲರ್ ಸ್ಕ್ಯಾನ್ ಆಯಿತು. ಅದಕ್ಕೂ ಸೂಜಿ ಬೇಕಿರಲಿಲ್ಲ. ಬಲತೊಡೆಯ ನಾಳ ಮಂಡಿಯ ಮೇಲೆ ಕಿರಿದಾಗಿದ್ದ ಜಾಗ ಪರದೆಯ ಮೇಲೆ ಕಂಡಿತು. ತಂತಿಯ ಪರೀಕ್ಷೆ ಸದ್ಯಕ್ಕೆ ಬೇಡ ಎಂದರು. ಕೊಲೆಸ್ಟರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಬೀಡಿ ಪೂರ್ತಿ ಬಂದ್, ಪಾದದ ಮೇಲೆ ದಿನಾ ಕಣ್ಣು. ಜೊತೆಗೆ ನಡಿಗೆ: ನೋವು ಬರುವವರೆಗೆ ನಡೆದು, ನಿಂತು, ಅದು ಇಳಿದ ಮೇಲೆ ಮತ್ತೆ ನಡೆಯುವುದು.

ಅಪ್ಪ ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕವೊಂದನ್ನು ಹೊರತೆಗೆದಿದ್ದಾರೆ. ಆಳುಗಳ ಹೆಸರಿದ್ದ ಕಡೆ ಸಿಲ್ವರ್ ಮರಗಳ ನಂಬರ್. ಎಷ್ಟನೇ ಮರದಲ್ಲಿ ನಿಂತರು, ಎಷ್ಟು ನಿಮಿಷ, ಎಲ್ಲ ಅವರ ದುಂಡು ಅಕ್ಷರದಲ್ಲಿ. ಈ ವಾರ ಐದು ಅಂತ ಬರೆದಿದ್ದಾರೆ.