ನಂದು ಮುಕ್ಕಾಲು, ಅವ್ವಂದು ಪೂರ್ತಿ

ಏಪ್ರಿಲ್ 10ಕ್ಕೆ ಪಾಸು ಅಂತ ಓದಿದ ಮೇಲೆ ಜೂನ್‌ವರೆಗೆ ಶಾಲೆ ಕಡೆ ತಲೆ ಹಾಕಿಯೂ ಮಲಗಬಾರದು, ಇದು ನಮ್ಮ ಓಣಿ ಹುಡುಗರ ಕಾಯಿದೆ. 1999ರಲ್ಲಿ ನಾನು ಅದನ್ನು ಮುರಿದೆ. ಮುರಿಸಿದ್ದು ಅವ್ವ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಬೇಸಿಗೆ ಪಿಟೀಲು ತರಗತಿ, 30 ದಿನ, ಬೆಳಗ್ಗೆ 6:30ರಿಂದ 8:30, ಫೀಸು 100 ರೂಪಾಯಿ, ಪಿಟೀಲು ಇಲ್ಲೇ ಕೊಡಲಾಗುವುದು. ಕೆಳಗೆ ಕೆಂಪು ಶಾಯಿಯಲ್ಲಿ, ಮಗುವಿನ ಜೊತೆ ತಂದೆ ಅಥವಾ ತಾಯಿ ಬರುವುದು ಕಡ್ಡಾಯ.

ಬರುವುದು ಅಂದರೆ ಬಿಟ್ಟು ಹೋಗುವುದು, ಮತ್ತೆ ಕರೆದುಕೊಂಡು ಹೋಗುವುದು ಅಂತಲೇ ಅವ್ವ ತಿಳಿದಿದ್ದಳು. ಅಪ್ಪ ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಅವರು ಬರುವ ಮಾತೇ ಇರಲಿಲ್ಲ. ಅವ್ವ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಬೇಸಿಗೆ ಅಂದರೆ ಮದುವೆ ಸೀಸನ್, ಮಂಚದ ಮೇಲೆ ನಾವು ಮಲಗಲು ಜಾಗ ಇಲ್ಲದಷ್ಟು ಬಟ್ಟೆ ಬಿದ್ದಿರುತ್ತಿತ್ತು. ಅಷ್ಟರಲ್ಲೂ ನನ್ನನ್ನು ಯಾಕೆ ಸೇರಿಸಿದಳು ಅಂತ ಕೇಳಿದರೆ ಈಗಲೂ ಅವಳು ಹೇಳೋದು ಒಂದೇ: ‘ಬಿಸ್ಲಾಗೆ ಕ್ರಿಕೆಟ್ ಆಡಿ ಮೂಗಿನಾಗೆ ರಕ್ತ ಬರ್ತಿತ್ತಲ್ಲ, ಅದಕ್ಕೆ.’ ಸಂಗೀತದ ಮೇಲಿನ ಪ್ರೀತಿ ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ನಿಜ ಇದು.

ಮೊದಲ ದಿನ ಮೇಷ್ಟ್ರು ನಮ್ಮನ್ನೆಲ್ಲ ಜಮಖಾನೆ ಮೇಲೆ ಕೂರಿಸಿದರು. ಬಾಗಿಲಲ್ಲಿ ನಿಂತು ಹೊರಡಲು ನೋಡುತ್ತಿದ್ದ ದೊಡ್ಡವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಕೈಗೆ ಒಂದೊಂದು ಪಿಟೀಲು ಕೊಟ್ಟರು. ಅವ್ವ ಕೈ ಹಿಂದೆ ಕಟ್ಟಿಕೊಂಡಳು.

‘ನನಗ್ಯಾಕ್ರಿ ಸರ್, ಹುಡುಗಂಗೆ ಕಲಿಸ್ರಿ.’

‘ಹುಡುಗ ಮನೇಲಿ ತಪ್ಪು ನುಡಿಸಿದ್ರೆ ಹೇಳೋರು ಯಾರಮ್ಮ? ನಾನು ಬಂದು ನಿಮ್ಮನೇಲಿ ಕೂರಾಕಾಗುತ್ತಾ? ಕೂತ್ಕೊಳ್ರಿ.’

ಅವ್ವ ಕೂತಳು. ಹಾಗೆ ಸುಮ್ನೆ ಕೂತರೂ ಆಗುವುದಿಲ್ಲ. ನಮ್ಮ ಕಡೆಯ ಪಿಟೀಲನ್ನು ಚಕ್ಕಲುಮಕ್ಕಲು ಹಾಕಿ ಕೂತು ನುಡಿಸಬೇಕು, ಬಲಗಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ ಪಿಟೀಲಿನ ತಲೆಯನ್ನು ಪಾದದ ಗಂಟಿನ ಹತ್ತಿರ ಇಡಬೇಕು, ಇನ್ನೊಂದು ತುದಿ ಎದೆಗೆ, ಭುಜಕ್ಕೆ ಒತ್ತಿ ನಿಲ್ಲಬೇಕು. ಗಂಡಸರ ಎದುರು ಕಾಲು ಚಾಚಿ ಕೂರುವುದು ಹೇಗೆ ಅಂತ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಮಾರನೇ ದಿನ ಮೇಷ್ಟ್ರೇ ಹೆಂಗಸರ ಜಮಖಾನೆಯನ್ನು ಗೋಡೆ ಕಡೆ ಹಾಕಿಸಿದರು. ಅವ್ವ ಸೆರಗಿಗೆ ಎರಡು ಪಿನ್ ಚುಚ್ಚಿಕೊಂಡು ಬಂದಳು. ಸಮಸ್ಯೆ ಮುಗಿಯಿತು.

ನಮ್ಮ ಸಮಸ್ಯೆ ಮಾತ್ರ ಮುಗಿಯಲಿಲ್ಲ. ಮೊದಲ ಐದು ದಿನ ಮಕ್ಕಳಿಗೆ ಪಿಟೀಲು ಮುಟ್ಟಲೂ ಕೊಡಲಿಲ್ಲ! ನಾವು ತೊಡೆ ಮೇಲೆ ತಾಳ ಹಾಕುತ್ತಾ ಸ ರಿ ಗ ಮ ಹಾಡಬೇಕು, ಎದುರಿಗೆ ನಮ್ಮ ಅಪ್ಪ ಅವ್ವಂದಿರು ಕಮಾನು ಎಳೆಯುತ್ತಾ ಕೂರಬೇಕು. ಎಷ್ಟು ಹೊಟ್ಟೆ ಉರಿಯಿತು ಅಂದರೆ, ಆರನೇ ದಿನ ಪಿಟೀಲು ಕೈಗೆ ಬಂದಾಗ ಕಿತ್ತುಕೊಂಡ ಹಾಗೆ ತಗೊಂಡೆ. ಜಪಾನಿನ ಶಿನಿಚಿ ಸುಜುಕಿ ಅನ್ನುವವರು ಮಕ್ಕಳಿಗೆ ಪಿಟೀಲು ಕಲಿಸಿದ್ದೂ ಹೀಗೆಯೇ ಅಂತ ಬಹಳ ವರ್ಷ ಆದ ಮೇಲೆ ಓದಿದೆ. ನಗೋಯಾದಲ್ಲಿ ಪಿಟೀಲು ಕಾರ್ಖಾನೆ ನಡೆಸುತ್ತಿದ್ದವರ ಮಗ ಅವರು. ಮಕ್ಕಳು ಮಾತು ಕಲಿಯುವುದು ಮನೆಯವರ ಮಾತು ಕೇಳಿ ಕೇಳಿ ತಾನೇ, ಸಂಗೀತವೂ ಹಾಗೆಯೇ ಬರುತ್ತದೆ ಅನ್ನುವುದು ಅವರ ಲೆಕ್ಕ. ಅದಕ್ಕೇ ಮೊದಲು ತಾಯಿಗೆ ಪಾಠ. ಮಗು ಅದನ್ನು ನೋಡಿ ನೋಡಿ ತಾನಾಗಿ ನನಗೂ ಬೇಕು ಅನ್ನಬೇಕು. ಅವರು ತೀರಿಕೊಂಡಿದ್ದು 1998ರಲ್ಲಿ, ನಮ್ಮ ತರಗತಿಯ ಹಿಂದಿನ ವರ್ಷ. ನಮ್ಮ ಮೇಷ್ಟ್ರು ಅವರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ತಾವೇ ಕಂಡುಕೊಂಡಿದ್ದರೋ, ಎಲ್ಲೋ ಕೇಳಿದ್ದರೋ, ನಮ್ಮ ಹೊಟ್ಟೆಯಂತೂ ಜಪಾನಿನ ಮಕ್ಕಳ ಹಾಗೆಯೇ ಉರಿಯಿತು.

ನನ್ನದು ಮುಕ್ಕಾಲು ಸೈಜಿನ ಪಿಟೀಲು. ಅವ್ವನದು ಪೂರ್ತಿ. ನನಗಿಂತ ಸಣ್ಣವರಿಗೆ ಅರ್ಧ. ಈ ಲೆಕ್ಕವನ್ನು ಅಪ್ಪನಿಗೆ ಹೇಳಿದಾಗ ‘ಹಾಗಾದ್ರೆ ನಿಂಗೆ ಫೀಸು 75 ರೂಪಾಯಿ ಆಗ್ಬೇಕಿತ್ತು’ ಅಂದರು.

ಪಿಟೀಲಿನ ಬಗ್ಗೆ ನನಗೆ ಇವತ್ತಿಗೂ ಗೊತ್ತಿರುವುದೆಲ್ಲ ಆ 30 ದಿನದ್ದೇ. ತಂತಿಗಳನ್ನು ಹೊತ್ತು ನಿಂತ ಮರದ ತುಂಡಿಗೆ ಕುದುರೆ ಅನ್ನುತ್ತಾರೆ, ಕಮಾನಿಗೆ ಕಟ್ಟಿದ್ದು ಕುದುರೆ ಬಾಲದ ಕೂದಲು. ಇದನ್ನು ಕೇಳಿ ನಾವು ಒಂದು ಬೆಳಗ್ಗೆ ಪೂರ್ತಿ ನಕ್ಕಿದ್ದೆವು. ಆ ಕೂದಲು ಬರಿದೇ ತಂತಿ ಮೇಲೆ ಜಾರಿದರೆ ಸದ್ದೇ ಬರುವುದಿಲ್ಲ, ರೋಸಿನ್ ಉಜ್ಜಬೇಕು. ಅದು ಮರದ ಅಂಟಿನಿಂದ ಮಾಡಿದ್ದು, ಜೇನಿನ ಬಣ್ಣದ ಗಟ್ಟಿ. ಅದು ಹತ್ತಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ತಪ್ಪಿಸಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ ನೂರಾರು ಸಲ ಆದರೆ ಅದೇ ಸ್ವರ. ಆದ್ದರಿಂದ ಕೂದಲಿಗೆ ಎಣ್ಣೆ ಕೈ ತಾಗಿಸಲೇಬಾರದು. ಮೇಷ್ಟ್ರಿಗೆ ನಮ್ಮ ಊರು ಚೆನ್ನಾಗಿ ಗೊತ್ತಿತ್ತು. ‘ಮಂಡಕ್ಕಿ ಮೆಣಸಿನಕಾಯಿ ತಿಂದವರು ಕೈ ತೊಳೆದು ಬರ್ರಿ, ಬೆಣ್ಣೆ ದೋಸೆ ತಿಂದವರು ಎರಡು ಸಲ ತೊಳೆದು ಬರ್ರಿ’ ಅಂತ ದಿನಾ ಹೇಳುತ್ತಿದ್ದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ದಾವಣಗೆರೆ ಬಿಸಿಲು. ಏಪ್ರಿಲ್‌ನ ಒಣ ಗಾಳಿಗೆ ಮರ ಕುಗ್ಗಿ, ತಂತಿ ಸುತ್ತಿ ಬಿಗಿಯುವ ಬಿರಡೆ ಸಡಿಲವಾಗುತ್ತಿತ್ತು, ಶ್ರುತಿ ಮಾಡಿ ಕೆಳಗಿಟ್ಟರೆ ಟರ್ರ್ ಅಂತ ತಂತಿ ಬಿಚ್ಚಿಕೊಳ್ಳುತ್ತಿತ್ತು. ಮೇಷ್ಟ್ರು ಕರಿಹಲಗೆ ಹತ್ತಿರ ಬಿದ್ದ ಸೀಮೆಸುಣ್ಣದ ಚೂರು ಎತ್ತಿ ಬಿರಡೆಗೆ ಉಜ್ಜುತ್ತಿದ್ದರು, ಅದು ಕಚ್ಚಿಕೊಂಡು ನಿಲ್ಲುತ್ತಿತ್ತು. ಮೇ ತಿಂಗಳ ಮಳೆ ಶುರುವಾದ ಮೇಲೆ ಇದೆಲ್ಲ ಉಲ್ಟಾ. ಮರ ಉಬ್ಬಿ ಬಿರಡೆ ತಿರುಗುತ್ತಲೇ ಇರಲಿಲ್ಲ, ಆಗ ಸೋಪು.

ಶ್ರುತಿ ಮಾಡುವುದನ್ನು ತಂದೆ ತಾಯಿಯರೇ ಕಲಿಯಬೇಕಿತ್ತು. ನಾಲ್ಕು ತಂತಿ, ಕೆಳಗಿನ ಸ್ಥಾಯಿಯ ಮಂದ್ರ ಸ, ಮಂದ್ರ ಪ, ನಡುವಿನ ಸ್ಥಾಯಿಯ ಮಧ್ಯ ಸ, ಮಧ್ಯ ಪ. ಬೆರಳು ಸರಿಯಾದ ಜಾಗಕ್ಕೆ ಬಿತ್ತೋ ಇಲ್ಲವೋ ನೋಡಲು ಮೇಷ್ಟ್ರು ಒಂದು ಆಟ ತೋರಿಸಿದರು. ಮಧ್ಯ ಸ ತಂತಿಯ ಮೇಲೆ ಒಂದು ಚೂರು ಕಾಗದವನ್ನು ಮಡಚಿ ಸವಾರಿ ಕೂರಿಸಬೇಕು. ಪಕ್ಕದ ಮಂದ್ರ ಪ ತಂತಿ ಮೇಲೆ ಬೆರಳಿಟ್ಟು ಅದೇ ಸ ನುಡಿಸಬೇಕು. ಬೆರಳು ಕೂದಲೆಳೆ ಆಚೀಚೆ ಆದರೂ ಕಾಗದ ಸುಮ್ಮನೆ ಕೂತಿರುತ್ತದೆ. ಸರಿಯಾಗಿ ಬಿತ್ತೋ, ಯಾರೂ ಮುಟ್ಟದ ಆ ತಂತಿ ತಾನಾಗಿ ನಡುಗಿ ಕಾಗದವನ್ನು ಎಸೆಯುತ್ತದೆ. ಅವ್ವನ ಕಾಗದ ಎರಡನೇ ಸಲಕ್ಕೇ ಹಾರಿತು. ಅವಳು ಹೆದರಿ ‘ಅಯ್ಯಯ್ಯ, ಏನಾತ್ರೀ ಸರ್’ ಅಂದಳು, ಏನೋ ಮುರಿದೇಬಿಟ್ಟೆ ಅನ್ನುವ ಹಾಗೆ. ನನ್ನದು ಆ ದಿನ ಹಾರಲೇ ಇಲ್ಲ. ನಾನು ಊದಿ ಹಾರಿಸಿದೆ.

ನಿಜ ಹೇಳಬೇಕು ಅಂದರೆ, ಶಾಲೆಗೆ ಸೇರಿದ್ದು ನಾನು, ಕಲಿತದ್ದು ಅವಳು. ಬಟ್ಟೆಯ ಅಂಚನ್ನು ನೂಲಿನಷ್ಟೂ ತಪ್ಪದೆ ಸೂಜಿಯ ಕೆಳಗೆ ಬಿಡುವ ಕೈ ಅದು, ಅರ್ಧ ಸ್ವರ ಜಾರಿದರೂ ಅವಳಿಗೆ ಗೊತ್ತಾಗುತ್ತಿತ್ತು. ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಹಾಡಬೇಕಲ್ಲ, ಒಂದು ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಅವ್ವ ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಾ ಅದನ್ನು ಅಭ್ಯಾಸ ಮಾಡುತ್ತಿದ್ದಳು. ಪೆಡಲ್ ಒಂದೇ ವೇಗ, ಬಾಯಲ್ಲಿ ಸ್ವರ ಮಾತ್ರ ದುಪ್ಪಟ್ಟು. ನಾನು ಮೂರನೇ ಕಾಲಕ್ಕೆ ಬಂದರೆ ತಾಳವೂ ನನ್ನ ಜೊತೆ ಓಡುತ್ತಿತ್ತು. ಮಧ್ಯಾಹ್ನ ಅವಳು ಪಿಟೀಲು ಹಿಡಿದರೆ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಆಚೆಯಿಂದ ‘ಏ, ನಿಮ್ಮ ಬಾವಿ ರಾಟೆಗೆ ಎಣ್ಣೆ ಬಿಡ್ರೇ’ ಅಂತ ಕೂಗುತ್ತಿದ್ದರು. ನಮ್ಮ ಮನೆಯಲ್ಲಿ ಬಾವಿ ಇರಲಿಲ್ಲ. ನಮ್ಮ ಓಣಿಗೆ ಗೊತ್ತಿದ್ದದ್ದು ಭಜನೆಯ ಹಾರ್ಮೋನಿಯಂ, ತಬಲ. ಪಿಟೀಲು ಅಂದರೆ ಮದ್ರಾಸು, ಮೈಸೂರು ಕಡೆಯದು. ಅಲ್ಲಿಗೂ ಅದು ಹೊರಗಿನಿಂದಲೇ ಬಂದದ್ದು, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಮದ್ರಾಸಿನಲ್ಲಿ ಬಿಳಿಯರ ವಾದ್ಯ ಕಲಿತು ನಮ್ಮ ಸಂಗೀತಕ್ಕೆ ತಂದರು ಅಂತ ಮೇಷ್ಟ್ರು ಹೇಳಿದ್ದರು. ಮೈಕ್ ಇಲ್ಲದ ಕಾಲದಲ್ಲಿ ಸದ್ದು ಕೊನೇ ಸಾಲಿಗೂ ಮುಟ್ಟಲಿ ಅಂತ ಮೈಸೂರಿನ ಚೌಡಯ್ಯನವರು 7 ತಂತಿಯ ಪಿಟೀಲು ಮಾಡಿಕೊಂಡ ಕಥೆಯನ್ನೂ ಹೇಳಿದರು. ಅವ್ವ ಅದನ್ನು ಕೇಳಿ, ‘ನಾಲ್ಕಕ್ಕೇ ಅಜ್ಜಿ ಬೈತಾರೆ’ ಅಂದಳು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ತರಗತಿ ಮುಗಿದ ಮಾರನೇ ದಿನ ಎರಡೂ ಪಿಟೀಲು ವಾಪಸ್ ಕೊಟ್ಟೆವು. ತಿಂಗಳಿಗೆ 30 ರೂಪಾಯಿ ಬಾಡಿಗೆಗೆ ಬೇಕಾದರೆ ಇಟ್ಟುಕೊಳ್ಳಿ ಅಂತ ಮೇಷ್ಟ್ರು ಅವ್ವನಿಗೆ ಹೇಳಿದ್ದರು. ಅವ್ವ ನನ್ನ ಮುಖ ನೋಡಿದಳು. ನಾನು ಬೇಡ ಅಂದೆ. ಕೇಳಿದ್ದು ನನ್ನ ಪಿಟೀಲಿನ ಬಗ್ಗೆ ಅಂತಲೇ ನಾನು ತಿಳಿದಿದ್ದೆ. ಅವಳು ಕೇಳುತ್ತಿದ್ದುದು ತನ್ನದರ ಬಗ್ಗೆ ಅಂತ ಹೊಳೆಯುವಷ್ಟರಲ್ಲಿ ನನಗೆ 30 ದಾಟಿತ್ತು. ಮುಂದಿನ ಬೇಸಿಗೆಗೆ ತರಗತಿ ನಡೆಯಲಿಲ್ಲ.

ಕೊನೆಯ ದಿನ ಸಂಜೆ ಶಾಲೆಯ ಹಾಲ್‌ನಲ್ಲಿ ಕಾರ್ಯಕ್ರಮ. ಎರಡು ದಿನದಿಂದ ಮಳೆ, ಬಿರಡೆಗಳೆಲ್ಲ ಬಿಗಿದು ಮೇಷ್ಟ್ರ ಜೇಬಲ್ಲಿ ಲೈಫ್‌ಬಾಯ್ ಸೋಪಿನ ತುಂಡು. ಮಕ್ಕಳು, ತಂದೆ ತಾಯಿ ಎಲ್ಲ ಒಟ್ಟಿಗೆ ಕೂತು ಮಲಹರಿ ರಾಗದ ಒಂದು ಗೀತೆ ನುಡಿಸಬೇಕು. ಅಪ್ಪ ಅಂಗಡಿಯಿಂದ ಬೇಗ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ನಾನು ಮತ್ತು ಇನ್ನಿಬ್ಬರು, ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿದೆ ಅಂತ ಗೇಟಿನ ಎದುರಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನಲು ಹೋದೆವು. ಮಳೆಗೆ ಬಿಸಿ ಬಿಸಿ ಮೆಣಸಿನಕಾಯಿ, ಯಾರು ಬಿಡುತ್ತಾರೆ? ಅಷ್ಟರಲ್ಲಿ ಒಳಗಿಂದ ಕೂಗಿದರು. ಕೈಯನ್ನು ಚಡ್ಡಿಗೆ ಒರೆಸಿಕೊಂಡು ಓಡಿದೆ, ಕಮಾನು ಎತ್ತಿಕೊಂಡೆ, ಎತ್ತಿಕೊಂಡದ್ದು ಸರಿಯಾಗಿ ನಡುವಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು.

ಗೀತೆ ಶುರುವಾಯಿತು. ನನ್ನ ಕಮಾನು ತುದಿಯಲ್ಲಿ ಸದ್ದು ಮಾಡಿತು, ನಡುವಿಗೆ ಬಂದ ಕೂಡಲೇ ಉಸ್ಸ್ ಅಂತ ಜಾರಿತು, ಮತ್ತೆ ಕೊನೆಯಲ್ಲಿ ಕಿರ್ ಅಂತು. ಎರಡು ಸಲ ಹೀಗಾದ ಮೇಲೆ ನಾನು ಕಮಾನನ್ನು ತಂತಿಯಿಂದ ಒಂದು ಕೂದಲಷ್ಟು ಮೇಲೆ ಎತ್ತಿ ಗಾಳಿಯಲ್ಲೇ ನುಡಿಸಿದೆ. ಪೂರ್ತಿ ಗೀತೆ. ತಲೆ ಕೂಡ ಆಡಿಸಿದೆ. ಪಕ್ಕದಲ್ಲಿ ಅವ್ವ ಒಮ್ಮೆ ಕಣ್ಣು ಹೊರಳಿಸಿ ನನ್ನ ಕಮಾನು ನೋಡಿದಳು. ಆಮೇಲೆ ತನ್ನದನ್ನು ಇನ್ನಷ್ಟು ಒತ್ತಿ ಎಳೆಯತೊಡಗಿದಳು, ಎರಡು ಪಿಟೀಲಿನ ಸದ್ದು ಬರುವ ಹಾಗೆ.

ಮುಗಿದ ಮೇಲೆ ಹೆಡ್‌ಮೇಷ್ಟ್ರು ವೇದಿಕೆ ಹತ್ತಿ ನನ್ನ ಬೆನ್ನು ತಟ್ಟಿ, ಈ ಹುಡುಗನ ಕೈ ಬಹಳ ಶುದ್ಧ ಅಂದರು. ಶಾಲೆಯವರು ಇದನ್ನು ಓದಿ ಆ ಮಾತು ವಾಪಸ್ ತಗೊಂಡರೂ ನನ್ನ ತಕರಾರಿಲ್ಲ.

ಮನೆಗೆ ನಡೆದು ಹೋಗುವಾಗ ಅಪ್ಪ ಮುಂದೆ, ಕೊಡೆ ಹಿಡಿದು, ಯಾರು ಸಿಕ್ಕರೂ ನನ್ನ ಮಗ ಪಿಟೀಲು ನುಡಿಸಿದ ಅಂತ ಹೇಳುತ್ತಾ. ಅವ್ವ ನಾನು ಹಿಂದೆ. ಅವಳ ಕೈಯಲ್ಲಿ ಎರಡೂ ಪಿಟೀಲಿನ ಪೆಟ್ಟಿಗೆ. ಬಹಳ ದೂರ ಏನೂ ಮಾತಾಡಲಿಲ್ಲ.

‘ಮೆಣಸಿನಕಾಯಿ ಎಷ್ಟು ತಿಂದ್ಯೋ?’ ಅಂದಳು.

ಎರಡು ಅಂದೆ. ನಾಲ್ಕು ತಿಂದಿದ್ದೆ.